ಗದ್ದೆಬಯಲಲ್ಲಿ ಚೆಂಡು ಒದೆಯುವ ಬನ್ನೂರಿನ ಮಕ್ಕಳಿಗೆ

ಪ್ರೀತಿಯ ಮಕ್ಕಳೇ,

ಭತ್ತದ ಕಟಾವಾಗಿ ಬಯಲು ಬಿಡುವಾದಂದಿನಿಂದ ನೀವು ನಾಲೆಯಾಚೆಯ ಗದ್ದೆಯಲ್ಲಿ ಬದುವನ್ನೇ ಗೆರೆ ಮಾಡಿಕೊಂಡು, ಚಪ್ಪಲಿ ಗುಡ್ಡೆ ಹಾಕಿ ಗೋಲು ಮಾಡಿಕೊಂಡು ಆಡುವುದನ್ನು ದಿನಾ ಸಂಜೆ ನೋಡುತ್ತಿದ್ದೇನೆ. ಕೂಳೆ ಅಂಗಾಲಿಗೆ ಚುಚ್ಚಿದರೂ ನೀವು ನಿಲ್ಲುವುದಿಲ್ಲ. ಕತ್ತಲಾಗಿ ಚೆಂಡು ಕಾಣದಾದ ಮೇಲೂ ಅದು ನೆಲಕ್ಕೆ ಬಿದ್ದ ಸದ್ದು ಹಿಡಿದು ಓಡುತ್ತೀರಿ. ಮೂವತ್ತು ವರ್ಷ ಪೀಟಿ ಮೇಷ್ಟ್ರಾಗಿ ಸೀಟಿ ಊದಿದವನು ನಾನು. ನಿಮ್ಮನ್ನು ಮನೆಗಟ್ಟುವವರ ಸಾಲಿಗೆ ನಾನು ಸೇರಿದವನಲ್ಲ.

ಹೋದ ವಾರ ನಿಮ್ಮಲ್ಲಿ ಜಗಳವಾಯಿತಲ್ಲ, ನಾನು ಮೆಸ್ಸಿ, ನಾನು ರೊನಾಲ್ಡೊ, ನಾನು ಎಂಬಾಪೆ ಎಂದು. ಒಂದೇ ಕಡೆ ಮೂವರು ಮೆಸ್ಸಿಗಳಾದರು. ಹಿಂದುಗಡೆ ಸುಮ್ಮನೆ ನಿಂತಿದ್ದ ಸಣಕಲು ಹುಡುಗನ ಕೆಂಪು ಜರ್ಸಿಯ ಬೆನ್ನ ಮೇಲೆ 25 ಎಂಬ ಅಂಕಿ, ಅದರ ಮೇಲೆ ಮುಲ್ಲರ್ ಎಂಬ ಹೆಸರು. ‘ಇವ್ನ್ಯಾರು ಸಾ, ಮುಲ್ಲರ್ರು?’ ಎಂದು ನಿಮ್ಮಲ್ಲೊಬ್ಬ ಕೇಳಿದ. ತೊಟ್ಟವನಿಗೇ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಅವನ ಸೋದರಮಾವ ಕೊಡಿಸಿದ್ದಂತೆ, ಮೆಸ್ಸಿಯದು ಅವನ ಅಳತೆಗೆ ಸಿಗಲಿಲ್ಲವಂತೆ. ‘ಜರ್ಮನಿಯವನು ಕಣ್ರೋ, ದೊಡ್ಡ ಆಟಗಾರ’ ಎಂದಷ್ಟೇ ಹೇಳಿ ಮನೆಗೆ ಬಂದೆ. ಬಂದ ಮೇಲೆ ಮನಸ್ಸು ಸಮಾಧಾನವಾಗಲಿಲ್ಲ. ಅಷ್ಟಕ್ಕೇ ಮುಗಿಸುವ ಉತ್ತರವಾಗಿರಲಿಲ್ಲ ಅದು. ಒಬ್ಬನಿಗೆ ಬರೆದುಕೊಟ್ಟರೆ ಒಬ್ಬನ ಜೇಬಿನಲ್ಲೇ ಉಳಿದೀತೆಂದು ಎಲ್ಲರಿಗೂ ಬರೆಯುತ್ತಿದ್ದೇನೆ. ನಿಮ್ಮ ಅಪ್ಪ ಅವ್ವಂದಿರು ಓದಿದರೆ ಇನ್ನೂ ಒಳ್ಳೆಯದು.

ಥಾಮಸ್ ಮುಲ್ಲರ್ ಹುಟ್ಟಿದ್ದು 1989ರ ಸೆಪ್ಟೆಂಬರ್ 13ರಂದು, ಜರ್ಮನಿಯ ದಕ್ಷಿಣಕ್ಕಿರುವ ಬವೇರಿಯ ಸೀಮೆಯಲ್ಲಿ. ನನ್ನ ಶಿಷ್ಯರ ವಾರಗೆಯವನು, ಅದಕ್ಕೇ ಏಕವಚನದಲ್ಲಿ ಕರೆಯುತ್ತೇನೆ. ಬೆಳೆದದ್ದು ಪೇಲ್ ಎಂಬ ಹಳ್ಳಿಯಲ್ಲಿ. ಸಮೀಪದಲ್ಲೇ ಒಂದು ದೊಡ್ಡ ಸರೋವರ, ಸುತ್ತ ಹುಲ್ಲುಗಾವಲು, ಹೊಲ. ಜನ ಎರಡೂವರೆ ಸಾವಿರದ ಆಸುಪಾಸು. ನಮ್ಮ ಬನ್ನೂರಾದರೆ ಪುರಸಭೆಯಿರುವ ಊರು, 20 ಸಾವಿರಕ್ಕೂ ಮೇಲೆ ಜನ. ಅಂದರೆ ಅವನ ಊರು ನಮ್ಮ ಊರಿನ ನಾಲ್ಕಾರು ಬೀದಿಗಳಿಗೆ ಸಮ. ‘ನಾವು ಹಳ್ಳಿ ಹೈಕ್ಳು ಸಾ, ನಮ್ಗೆಲ್ಲಿ ಸಿಕ್ತದೆ’ ಎಂದು ನಿಮ್ಮಲ್ಲಿ ಯಾರಾದರೂ ಅಂದಾಗಲೆಲ್ಲ ನನಗೆ ಆ ಪೇಲ್ ನೆನಪಾಗುತ್ತದೆ.

ಅಷ್ಟು ಸಣ್ಣ ಊರಿಗೂ ಒಂದು ಸಂಘವಿತ್ತು. ಟಿಎಸ್‌ವಿ ಪೇಲ್ ಎಂದು ಅದರ ಹೆಸರು. ಬಿಡಿಸಿ ಹೇಳಿದರೆ ಪೇಲ್ ಊರಿನ ಕಸರತ್ತು ಮತ್ತು ಕ್ರೀಡಾ ಸಂಘ. ನಮ್ಮ ಗರಡಿಮನೆಯನ್ನು ನೆನೆಸಿಕೊಳ್ಳಿ, ಅದರ ಬಗೆ ನಿಮಗೆ ತಿಳಿಯುತ್ತದೆ. ಊರಿನವರೇ ಸೇರಿ ಕಟ್ಟಿದ್ದು, ಊರಿನವರೇ ವರ್ಷಕ್ಕಿಷ್ಟೆಂದು ಚಂದಾ ಕೊಟ್ಟು ನಡೆಸುವುದು. ನಮ್ಮ ವಸ್ತಾದರು ಹೊಲದ ಕೆಲಸ ಮುಗಿಸಿ ಬಂದು ಕಾಸು ಕೇಳದೆ ಹುಡುಗರಿಗೆ ಪಟ್ಟು ಹೇಳಿಕೊಟ್ಟಂತೆ, ಅಲ್ಲಿ ಯಾರದೋ ಅಪ್ಪ, ಯಾರದೋ ಅಣ್ಣ ಕೆಲಸ ಮುಗಿಸಿಕೊಂಡು ಬಂದು ಮಕ್ಕಳನ್ನು ಆಡಿಸುತ್ತಾರೆ. ಇಂಥ ಫುಟ್‌ಬಾಲ್ ಸಂಘಗಳು ಜರ್ಮನಿಯಲ್ಲಿ ಸುಮಾರು 24 ಸಾವಿರ ಇವೆ. ಅವುಗಳ ಸದಸ್ಯರನ್ನು ಲೆಕ್ಕ ಹಾಕಿದರೆ 70 ಲಕ್ಷವನ್ನೂ ದಾಟುತ್ತದೆ. ಎಳೆಯ ಥಾಮಸ್ ಹತ್ತು ವರ್ಷದವನಾಗುವವರೆಗೆ ಅಲ್ಲೇ ಆಡಿದ. 2000ದಲ್ಲಿ ಮ್ಯೂನಿಕ್‌ನ ಬಯರ್ನ್ ಕ್ಲಬ್ಬಿನ ಮಕ್ಕಳ ತಂಡ ಅವನನ್ನು ಸೇರಿಸಿಕೊಂಡಿತು. ಊರಿಂದ ಮ್ಯೂನಿಕ್, ನಮಗೆ ಮೈಸೂರು ಇರುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ದೂರ.

ಅಲ್ಲಿ ಸೇರಿದವನು ಇಪ್ಪತ್ತೈದು ವರ್ಷ ಅದೇ ಕ್ಲಬ್ಬಿನಲ್ಲಿ ಉಳಿದ. ಬಯರ್ನ್ ಪರವಾಗಿ 756 ಪಂದ್ಯ. ಆ ಕ್ಲಬ್ಬಿಗೆ ಅಷ್ಟು ಪಂದ್ಯ ಆಡಿದವರು ಇನ್ನೊಬ್ಬರಿಲ್ಲ. ಗೋಲು 250. ಜರ್ಮನಿಯ ಲೀಗ್ ಪ್ರಶಸ್ತಿ 13 ಸಲ, ಯುರೋಪಿನ ಚಾಂಪಿಯನ್ಸ್ ಲೀಗ್ ಎರಡು ಸಲ, 2013ರಲ್ಲಿ ಮತ್ತು 2020ರಲ್ಲಿ. ದೇಶಕ್ಕಾಗಿ 131 ಪಂದ್ಯ, 45 ಗೋಲು, 2014ರ ವಿಶ್ವಕಪ್. ಈ ಅಂಕಿಗಳನ್ನು ಮೊಬೈಲಿನಲ್ಲಿ ನೀವೇ ಹುಡುಕಿಕೊಳ್ಳಬಲ್ಲಿರಿ. ನಾನು ಹೇಳಬೇಕೆಂದಿರುವುದು ಅವನ ಕಾಲಿನ ವಿಚಾರ.

ಅವನ ಕಾಲು ನೋಡಿದ್ದೀರಾ? ಕೊಕ್ಕರೆ ಕಾಲು. ಮೀನಖಂಡವೇ ಇಲ್ಲವೆನ್ನಬೇಕು. ಕಾಲ್ಚೀಲ ಕೆಳಗೆ ಜಾರಿರುತ್ತದೆ, ಅಂಗಿ ಜೋಲಾಡುತ್ತದೆ. ಓಟದಲ್ಲಿ ಅವನನ್ನು ಹಿಂದೆ ಹಾಕುವವರು ಪ್ರತಿ ತಂಡದಲ್ಲೂ ನಾಲ್ಕು ಜನ ಸಿಗುತ್ತಾರೆ. ಚೆಂಡನ್ನು ಕಾಲಿಗಂಟಿಸಿಕೊಂಡು ಮೂವರನ್ನು ದಾಟುವ ಕಸುಬು ಮೆಸ್ಸಿಯದು, ಅವನದಲ್ಲ. ದೂರದಿಂದ ಗುಂಡು ಹಾರಿಸಿದಂತೆ ಒದೆಯುವವನೂ ಅಲ್ಲ. ಹಾಗಾದರೆ ಇಷ್ಟು ಗೋಲು ಎಲ್ಲಿಂದ ಬಂದವು?

2011ರಲ್ಲಿ ಪತ್ರಿಕೆಯವರು ನೀನು ಎಂಥ ಆಟಗಾರ ಎಂದು ಕೇಳಿದಾಗ ಅವನು ತನಗೊಂದು ಹೆಸರು ಕಟ್ಟಿಕೊಂಡ, ರೌಮ್‌ಡಾಯ್ಟರ್ ಎಂದು. ಜರ್ಮನ್ ಭಾಷೆಯಲ್ಲಿ ಟ್ರೌಮ್‌ಡಾಯ್ಟರ್ ಎಂದರೆ ಕನಸಿಗೆ ಫಲ ಹೇಳುವವನು. ಅದರ ಮೊದಲ ಸದ್ದನ್ನು ಕಿತ್ತುಹಾಕಿದರೆ ರೌಮ್‌ಡಾಯ್ಟರ್, ಜಾಗಕ್ಕೆ ಫಲ ಹೇಳುವವನು. ನಮ್ಮ ಕಡೆ ಕೈ ನೋಡಿ ಕಣಿ ಹೇಳುತ್ತಾರಲ್ಲ, ಹಾಗೆ ಇವನು ಬಯಲು ನೋಡಿ ಕಣಿ ಹೇಳುವವನು. ಇನ್ನು ಎರಡು ಗಳಿಗೆಯಲ್ಲಿ ಯಾವ ಜಾಗ ಖಾಲಿಯಾಗುತ್ತದೆ, ಚೆಂಡು ಎಲ್ಲಿಗೆ ಬಂದು ಬೀಳುತ್ತದೆ ಎಂದು ಮುಂಚೆಯೇ ತಿಳಿದು ಅಲ್ಲಿ ಹೋಗಿ ನಿಂತಿರುತ್ತಾನೆ. ಚೆಂಡು ಬರುತ್ತದೆ, ತಳ್ಳುತ್ತಾನೆ, ಗೋಲು. ನೋಡಿದವರು ಅದೃಷ್ಟ ಎನ್ನುತ್ತಾರೆ. ಒಂದು ಸಲ ಆದರೆ ಅದೃಷ್ಟ, ಎರಡು ಸಲ ಆದರೂ ಅದೃಷ್ಟ ಅನ್ನೋಣ. 250 ಸಲ?

2014ರ ಜುಲೈ 8ರಂದು ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ವಿಶ್ವಕಪ್ಪಿನ ಸೆಮಿಫೈನಲ್. ಜರ್ಮನಿ 7, ಬ್ರೆಜಿಲ್ 1. ಆ ಏಳರಲ್ಲಿ ಮೊದಲನೆಯದನ್ನು ಸಿಕ್ಕಿದರೆ ನೋಡಿ. ನೋಡುವಾಗ ಚೆಂಡನ್ನು ನೋಡಬೇಡಿ, 13ನೇ ನಂಬರನ್ನು ಮಾತ್ರ ನೋಡಿ. ಹನ್ನೊಂದನೇ ನಿಮಿಷ, ಟೋನಿ ಕ್ರೂಸ್ ಕಾರ್ನರ್ ಒದೆಯಲು ನಿಂತಿದ್ದಾನೆ. ಗೋಲಿನ ಮುಂದೆ ಸಂತೆಯಂತೆ ಜನ. ಎಲ್ಲರೂ ಮುಂದಿನ ಕಂಬದ ಕಡೆ ನುಗ್ಗುತ್ತಾರೆ. ಮುಲ್ಲರ್ ಎರಡು ಹೆಜ್ಜೆ ಹಿಂದೆ ಸರಿದುಕೊಳ್ಳುತ್ತಾನೆ. ಅವನನ್ನು ಕಾಯಬೇಕಿದ್ದ ಡೇವಿಡ್ ಲೂಯಿಜ್ ಜನರ ನಡುವೆ ಸಿಕ್ಕಿಕೊಳ್ಳುತ್ತಾನೆ. ಚೆಂಡು ಎಲ್ಲರ ತಲೆಯ ಮೇಲೆ ಹಾದು ಇವನ ಕಾಲ ಬಳಿಗೇ ಬರುತ್ತದೆ. ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಬ್ರೆಜಿಲ್‌ನ ಗೋಲಿನೆದುರಿಗೆ, ಸಂಜೆ ನಮ್ಮೂರ ಬಯಲಲ್ಲಿ ಎತ್ತು ಒಂಟಿಯಾಗಿ ನಿಂತ ಹಾಗೆ ನಿಂತಿದ್ದಾನೆ ಆತ. ಎಷ್ಟು ಸಲ ನೋಡಿದರೂ ನನಗೆ ದಣಿವಾಗುವುದಿಲ್ಲ.

ಮಕ್ಕಳೇ, ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಈ ಪತ್ರ ಬರೆಯಲು ಅದೂ ಕಾರಣ.

ಬಹಳ ವರ್ಷದ ಹಿಂದೆ, ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ತಾಲ್ಲೂಕು ಮಟ್ಟಕ್ಕೆ ತಂಡ ಆರಿಸುತ್ತಿದ್ದೆ. ಆಗ ನನ್ನ ಲೆಕ್ಕ ಇಷ್ಟೇ. ನೂರು ಮೀಟರ್ ಓಡಿಸುವುದು, ಎತ್ತರ ನೋಡುವುದು, ಚೆಂಡನ್ನು ಎಷ್ಟು ದೂರ ಒದೆಯುತ್ತಾನೆಂದು ಅಳೆಯುವುದು. ಒಬ್ಬ ಹುಡುಗನಿದ್ದ, ಕಡ್ಡಿಯಂಥವನು. ಓಟದಲ್ಲಿ ಕೊನೆಯವನಿಗಿಂತ ಒಬ್ಬ ಮುಂದೆ. ಆದರೆ ಆಟ ಶುರುವಾಯಿತೆಂದರೆ ಗೋಲಿನ ಮುಂದೆ ಚೆಂಡು ಎಲ್ಲಿ ಬಿದ್ದರೂ ಅಲ್ಲಿ ಅವನಿರುತ್ತಿದ್ದ. ‘ಏನೋ, ನಿನ್ನ ಕಾಲಿಗೇ ಬರ್ತದಲ್ಲೋ’ ಎಂದು ನಾನೇ ಅಚ್ಚರಿಪಟ್ಟಿದ್ದೆ. ‘ಅದು ಇಲ್ಗೇ ಬತ್ತದೆ ಅಂತ ಗೊತ್ತಾಯ್ತು ಸಾ’ ಎಂದಿದ್ದ. ಗೊತ್ತಾಯಿತು ಅಂದ ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಟ್ಟಿಯಲ್ಲಿ ಅವನ ಹೆಸರು ಬರೆಯಲಿಲ್ಲ. ಅವನು ಅಳಲಿಲ್ಲ, ಜಗಳವಾಡಲಿಲ್ಲ, ಮಾರನೆಯ ದಿನದಿಂದ ಗ್ರೌಂಡಿಗೆ ಬರುವುದನ್ನು ಬಿಟ್ಟ. ಈಗ ಗಾಡಿ ಓಡಿಸುತ್ತಾನೆ, ನಾನು ಸಿಕ್ಕಿದರೆ ನಿಲ್ಲಿಸಿ ಇಳಿದು ನಮಸ್ಕಾರ ಹೇಳುತ್ತಾನೆ. ಆ ನಮಸ್ಕಾರ ತೆಗೆದುಕೊಳ್ಳುವಾಗ ನನ್ನ ತಲೆ ತಗ್ಗುತ್ತದೆ. ನಾನು ಕಾಲು ನೋಡಿದೆ, ಕಣ್ಣು ನೋಡಲಿಲ್ಲ.

ಥಾಮಸ್‌ಗೂ ಅಂಥ ಗಳಿಗೆ ಬಂದಿತ್ತು. ಬಯರ್ನ್‌ನ ದೊಡ್ಡ ತಂಡಕ್ಕೆ 2008ರ ಆಗಸ್ಟ್‌ನಲ್ಲಿ ಮೊದಲ ಸಲ ಇಳಿದ ಮೇಲೂ ಅವನಿಗೆ ಅಲ್ಲಿ ಗಟ್ಟಿ ಜಾಗ ಸಿಕ್ಕಿರಲಿಲ್ಲ. ಬೇರೆ ಕ್ಲಬ್ಬಿಗೆ ಹೋಗುವ ಮಾತೂ ನಡೆದಿತ್ತು. ಎರಡನೇ ತಂಡದ ತರಬೇತುದಾರ ಹೆರ್ಮನ್ ಗೆರ್ಲಾಂಡ್ ಅವನ ಪರ ಹಟ ಹಿಡಿದು ನಿಂತರು. ಮುಂದಿನ ವರ್ಷ ಬಂದ ಡಚ್ ತರಬೇತುದಾರ ಲೂಯಿ ವಾನ್ ಗಾಲ್ ಅವನನ್ನು ಎಷ್ಟು ನಂಬಿದರೆಂದರೆ, ಯಾರು ಆಡಲಿ ಬಿಡಲಿ, ಮುಲ್ಲರ್ ಯಾವಾಗಲೂ ಆಡುತ್ತಾನೆ ಎಂಬುದು ಜರ್ಮನಿಯಲ್ಲಿ ಗಾದೆಯಂತಾಯಿತು. ಅವನ ಕಣ್ಣನ್ನು ನೋಡಿದ ಮೇಷ್ಟ್ರುಗಳು ಅವನಿಗೆ ಸಿಕ್ಕರು. ನನ್ನ ಹುಡುಗನಿಗೆ ಸಿಕ್ಕಿದ್ದು ನಾನು.

2010ರ ಮಾರ್ಚ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಮ್ಯೂನಿಕ್‌ನಲ್ಲಿ ಅವನು ದೇಶಕ್ಕಾಗಿ ಮೊದಲ ಪಂದ್ಯ ಆಡಿದ. ಅದರಲ್ಲಿ ಜರ್ಮನಿ ಸೋತಿತು. ಆಮೇಲೆ ಪತ್ರಕರ್ತರ ಮುಂದೆ ಕೂರಲು ಹೋದರೆ ಅರ್ಜೆಂಟೀನಾದ ಕೋಚ್ ಮರಡೋನ, ಈ ಹುಡುಗ ಪಕ್ಕದಲ್ಲಿ ಕೂತರೆ ನಾನು ಕೂರುವುದಿಲ್ಲವೆಂದು ಎದ್ದುಬಿಟ್ಟರು. ಅವನು ಆಟಗಾರನೆಂದೇ ಅವರಿಗೆ ಗೊತ್ತಾಗಿರಲಿಲ್ಲ, ಚೆಂಡು ಎತ್ತಿಕೊಡುವ ಹುಡುಗ ಎಂದುಕೊಂಡಿದ್ದರಂತೆ. ಅದೇ ವರ್ಷ ಜುಲೈ 3ರಂದು ಕೇಪ್‌ಟೌನ್‌ನಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಮತ್ತೆ ಅರ್ಜೆಂಟೀನಾ, ಮತ್ತೆ ಮರಡೋನ, ಜೊತೆಗೆ ನಿಮ್ಮ ಮೆಸ್ಸಿ. ಮೂರನೇ ನಿಮಿಷಕ್ಕೆ ಆ ಚೆಂಡು ಎತ್ತಿಕೊಡುವ ಹುಡುಗ ತಲೆಯಿಂದ ಗೋಲು ಹೊಡೆದ. ಪಂದ್ಯ ಮುಗಿದಾಗ 4-0. ಆ ವಿಶ್ವಕಪ್ಪಿನಲ್ಲಿ ಅವನಿಗೆ ಐದು ಗೋಲು. ಇನ್ನೂ ಮೂವರು ಐದೈದು ಹೊಡೆದಿದ್ದರು. ಬೇರೆಯವರ ಗೋಲಿಗೆ ಹೆಚ್ಚು ಪಾಸ್ ಕೊಟ್ಟಿದ್ದವನು ಇವನೆಂದು ಚಿನ್ನದ ಬೂಟು ಇವನ ಪಾಲಾಯಿತು. ಪಾಸ್ ಕೊಡದೆ ಒಬ್ಬನೇ ನುಗ್ಗುವ ನಮ್ಮ ಮೂವರು ಮೆಸ್ಸಿಗಳು ಈ ಸಾಲನ್ನು ಎರಡು ಸಲ ಓದಬೇಕೆಂದು ನನ್ನ ಕೋರಿಕೆ.

ಅದೇ ವಿಶ್ವಕಪ್ಪಿನಲ್ಲಿ ಇಂಗ್ಲೆಂಡನ್ನು ಸೋಲಿಸಿದ ದಿನ ಟಿವಿಯವರು ಮೈಕು ಹಿಡಿದರೆ ಅವನು ಏನು ಮಾಡಿದ ಗೊತ್ತೇ? ಊರಲ್ಲಿ ಟಿವಿ ನೋಡುತ್ತಿದ್ದ ಇಬ್ಬರು ಅಜ್ಜಿಯರಿಗೂ ತಾತನಿಗೂ ನಮಸ್ಕಾರ ಹೇಳಿದ. ಅವತ್ತು ಎರಡು ಗೋಲು ಹೊಡೆದಿದ್ದ ಇಪ್ಪತ್ತು ವರ್ಷದ ಹುಡುಗ. ಜರ್ಮನಿಯ ಮನೆಮನೆಯವರಿಗೂ ಅವನು ಅಂದಿನಿಂದ ಮೊಮ್ಮಗನಾದ. ನಾಲ್ಕು ವರ್ಷದ ಮೇಲೆ ರಿಯೊದಲ್ಲಿ ವಿಶ್ವಕಪ್ ಗೆದ್ದ ರಾತ್ರಿ ಕೊಲಂಬಿಯದ ಪತ್ರಕರ್ತೆಯೊಬ್ಬರು ಚಿನ್ನದ ಬೂಟು ಈ ಸಲ ಕೈತಪ್ಪಿತಲ್ಲ ಎಂದು ಕೇಳಿದರು. ಅವನು ತನ್ನ ಊರುಕಡೆಯ ಅಪ್ಪಟ ಬವೇರಿಯ ಮಾತಿನಲ್ಲಿ, ಅದನ್ನೆಲ್ಲ ಕಟ್ಟಿಕೊಂಡು ಏನಾಗಬೇಕು, ನಾವು ಲೋಕ ಗೆದ್ದಿದ್ದೇವೆ ಎಂದುಬಿಟ್ಟ. ಆ ಮಾತಿನ ಧಾಟಿ ಉತ್ತರ ಜರ್ಮನಿಯವರಿಗೇ ಸಲೀಸಾಗಿ ತಿಳಿಯುವುದಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮೈಸೂರಿಗೆ ಪಂದ್ಯಕ್ಕೆ ಹೋದಾಗ ನಿಮ್ಮ ಬಾಯಿ ಕಟ್ಟಿಹೋಗುವುದನ್ನು ನಾನು ಕಂಡಿದ್ದೇನೆ. ಇಲ್ಲಿ ‘ಬುಡ್ಲಾ’, ‘ಕೊಡ್ಲಾ’, ‘ಎಡಕ್ ಹೋಗ್ಲಾ’ ಎಂದು ಗಂಟಲು ಹರಿಯುವಂತೆ ಕೂಗುವವರು ಅಲ್ಲಿ ಮೂಗರಾಗುತ್ತೀರಿ. ಮಾತು ಕೇಳಿ ಯಾರಾದರೂ ನಕ್ಕಾರೆಂಬ ಅಳುಕು. ಫುಟ್‌ಬಾಲಿನಲ್ಲಿ ಕೂಗದ ತಂಡ ಕುರುಡು ತಂಡ. ಮುಲ್ಲರ್ ತೊಂಬತ್ತು ನಿಮಿಷವೂ ಕೂಗುತ್ತಲೇ ಇರುತ್ತಾನೆ, ಎಷ್ಟೆಂದರೆ ಜೊತೆಯವರು ಅವನಿಗೆ ರೇಡಿಯೊ ಮುಲ್ಲರ್ ಎಂದು ಹೆಸರಿಟ್ಟರು. ಕೊರೊನಾ ಕಾಲದಲ್ಲಿ ಜನರಿಲ್ಲದ ಮೈದಾನಗಳಲ್ಲಿ ಅವನ ಗಂಟಲೊಂದೇ ಕೇಳುತ್ತಿತ್ತು. ಬನ್ನೂರಿನ ಮಾತಿನಲ್ಲೇ ಕೂಗಿ, ಎದೆ ತುಂಬಿ ಕೂಗಿ. ಲೋಕಕ್ಕೇ ಹೆಸರಾದ ವ್ಯಾಸರಾಯರು ಹುಟ್ಟಿದ ಊರು ಇದು. ಇಲ್ಲಿಯ ಮಾತಿಗೆ ನಾಚುವಂಥದ್ದೇನೂ ಇಲ್ಲ.

ಅವನದು ಬರೀ ಗೆಲುವಿನ ಕತೆಯೆಂದು ತಿಳಿಯಬೇಡಿ. 2012ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಅವನ ಸ್ವಂತ ಮೈದಾನದಲ್ಲೇ ನಡೆಯಿತು. 83ನೇ ನಿಮಿಷ ಅವನು ಗೋಲು ಹೊಡೆದ, ಗೆದ್ದೆವೆಂದು ಊರೇ ಎದ್ದು ನಿಂತಿತು. ಐದು ನಿಮಿಷ ಕಳೆಯುವಷ್ಟರಲ್ಲಿ ಚೆಲ್ಸಿಯ ದ್ರೋಗ್ಬಾ ಸರಿಗಟ್ಟಿದ, ಪೆನಾಲ್ಟಿಯಲ್ಲಿ ಬಯರ್ನ್ ಸೋತಿತು. ವಿಶ್ವಕಪ್‌ಗಳಲ್ಲಿ ಒಟ್ಟು ಹತ್ತು ಗೋಲು ಹೊಡೆದವನಿಗೆ ಯೂರೊ ಕಪ್ಪಿನಲ್ಲಿ ನಾಲ್ಕು ಸಲ ಆಡಿಯೂ, 17 ಪಂದ್ಯಗಳಲ್ಲಿ ಒಂದೇ ಒಂದು ಗೋಲನ್ನೂ ಹೊಡೆಯಲಾಗಲಿಲ್ಲ. 2021ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಗೋಲ್‌ಕೀಪರ್ ಒಬ್ಬನೇ ಎದುರಿಗಿದ್ದಾಗ ಚೆಂಡು ಕಂಬದ ಹೊರಗೆ ಹೋಯಿತು. ಮೊಣಕಾಲೂರಿ ಕೂತುಬಿಟ್ಟ. ಅದಕ್ಕೂ ಮುಂಚೆ, 2019ರಲ್ಲಿ, ಇನ್ನು ನೀನು ದೇಶದ ತಂಡಕ್ಕೆ ಬೇಡವೆಂದು ಕೋಚ್ ಯೋಆಕಿಮ್ ಲೋವ್ ಅವನನ್ನು ಕೈಬಿಟ್ಟಿದ್ದರು. ಅವನಿಗೆ ಕೋಪ ಬಂತು, ಬಂದದ್ದನ್ನು ಮುಚ್ಚಿಡಲೂ ಇಲ್ಲ. ಆದರೆ ಮುಂದಿನ ಋತುವಿನಲ್ಲಿ ಕ್ಲಬ್ಬಿಗಾಗಿ ಆಡುತ್ತ, ಒಂದೇ ಲೀಗಿನಲ್ಲಿ 21 ಗೋಲುಗಳಿಗೆ ಪಾಸ್ ಕೊಟ್ಟ. ಅದೇ ಋತುವಿನಲ್ಲಿ ಮೆಸ್ಸಿಯ ಬಾರ್ಸಿಲೋನಾವನ್ನು ಬಯರ್ನ್ 8-2ರಿಂದ ಸೋಲಿಸಿದಾಗ ಎರಡು ಗೋಲು ಅವನವು. 2021ರ ಮೇ ತಿಂಗಳಲ್ಲಿ ಕೈಬಿಟ್ಟ ಕೋಚೇ ವಾಪಸು ಕರೆದರು.

ಕೊನೆಗೆ 2025ರಲ್ಲಿ ಬಯರ್ನ್ ಕೂಡ ಅವನ ಕರಾರನ್ನು ಮುಂದುವರಿಸಲಿಲ್ಲ. ಮೂವತ್ತೈದು ದಾಟಿದವನು ಕೆನಡಾದ ವ್ಯಾಂಕೂವರ್ ತಂಡಕ್ಕೆ ಹೋದ. ಆ ವರ್ಷವೇ ಡಿಸೆಂಬರ್‌ನಲ್ಲಿ ಅಮೆರಿಕದ ಲೀಗಿನ ಫೈನಲ್, ಎದುರಿಗೆ ಮತ್ತೆ ಮೆಸ್ಸಿಯ ತಂಡ. ಈ ಸಲ ಮೆಸ್ಸಿ ಗೆದ್ದ. ನಿಮಗೆ ಸಂತೋಷವಾಗಲಿ ಎಂದು ಇದನ್ನೂ ಬರೆದಿದ್ದೇನೆ.

ಇನ್ನೊಂದು ಸಂಗತಿ. ಈ ಮುಲ್ಲರ್ ನಮ್ಮ ದೇಶಕ್ಕೂ ಬಂದು ಆಡಿ ಹೋಗಿದ್ದಾನೆ. 2012ರ ಜನವರಿ 10ರಂದು ದೆಹಲಿಯ ನೆಹರೂ ಸ್ಟೇಡಿಯಂನಲ್ಲಿ ಬೈಚುಂಗ್ ಭುಟಿಯಾ ಅವರ ವಿದಾಯದ ಪಂದ್ಯಕ್ಕೆ ಬಯರ್ನ್ ಬಂದಿತ್ತು. ನಾವು 4-0ಯಿಂದ ಸೋತೆವು. ಮುಲ್ಲರ್ ಗೋಲು ಹೊಡೆದ. ಅವತ್ತು ಟಿವಿ ನೋಡುತ್ತ ನನಗೆ ಸೋಲಿಗಿಂತ ಹೆಚ್ಚಾಗಿ ಕಾಡಿದ್ದು, ನಮ್ಮವರು ಚೆಂಡಿನ ಹಿಂದೆ ಓಡುತ್ತಿದ್ದರು, ಅವರು ಚೆಂಡು ಬರುವ ಜಾಗಕ್ಕೆ ಓಡುತ್ತಿದ್ದರು ಎಂಬುದು.

ನಮ್ಮಲ್ಲೂ ಆಡಿದವರಿಲ್ಲವೆಂದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಪಂದ್ಯ ಫ್ರಾನ್ಸ್ ಜೊತೆ. ನಮ್ಮವರಲ್ಲಿ ಬಹಳ ಜನ ಬರಿಗಾಲಲ್ಲಿ ಆಡಿದರು, ನಿಮ್ಮ ಹಾಗೆ. 2-1ರಿಂದ ಸೋತರೂ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಕೈಗೆ ಬಂದು ತಪ್ಪಿಹೋಗದಿದ್ದರೆ ಗೆದ್ದೇಬಿಡುತ್ತಿದ್ದೆವು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋಗಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು. ಕೆಂಪಯ್ಯ! ನಮ್ಮ ಪ್ರತಿ ಬೀದಿಯಲ್ಲೂ ಒಬ್ಬರಿಗಿರುವ ಹೆಸರು. ಮೈಸೂರು ರಾಜ್ಯವೆಂದಿದ್ದಾಗ ನಾಲ್ಕು ಸಲ ಸಂತೋಷ್ ಟ್ರೋಫಿ ನಮ್ಮದಾಗಿತ್ತು, ಕೊನೆಯದು 1968-69ರಲ್ಲಿ. ಆಮೇಲೆ ಐವತ್ನಾಲ್ಕು ವರ್ಷ ಬರಗಾಲ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ತಂದಿತು. ಇಷ್ಟು ದೊಡ್ಡ ಗೆಲುವಾದರೂ ನಮ್ಮೂರ ಹೋಟೆಲಿನಲ್ಲಿ ಮಾರನೆಯ ದಿನ ಯಾರೂ ಅದರ ಮಾತೆತ್ತಲಿಲ್ಲ. ನನಗೆ ಕಾಫಿ ಸೇರಲಿಲ್ಲ.

ಬಹಳ ದೂರ ಹೋಗುವುದೇ ಬೇಡ. ನಮ್ಮ ತಾಲ್ಲೂಕಿನ ಕುರುಬೂರು ನಿಮಗೆಲ್ಲ ಗೊತ್ತು. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದ ಭಾರತದ ಹೆಣ್ಣುಮಕ್ಕಳ ತಂಡದಲ್ಲಿ ಕುರುಬೂರಿನ ಚೈತ್ರಾ ಇದ್ದಳು. ನಮ್ಮ ನೀರು ಕುಡಿದು, ನಮ್ಮ ರಾಗಿಮುದ್ದೆ ಉಂಡು ಬೆಳೆದ ಹೆಣ್ಣುಮಗಳು ಲೋಕ ಗೆದ್ದಳು. ಖೋ ಖೋ ಎಂದರೆ ಮತ್ತೇನು? ಸಾಲಾಗಿ ಕೂತವರ ನಡುವೆ ಇರುವ ಜಾಗವನ್ನು ಓದುವುದು. ಬೆನ್ನಟ್ಟಿ ಬರುವವಳು ಎತ್ತ ತಿರುಗಲಾರಳು ಎಂಬುದನ್ನು ಮೊದಲೇ ತಿಳಿದು ಅತ್ತ ನುಸುಳುವುದು. ಮುಲ್ಲರ್ ಮ್ಯೂನಿಕ್‌ನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಚೈತ್ರಾ ಕುರುಬೂರಿನ ಮಣ್ಣಿನಲ್ಲಿ ಕಲಿತಳು. ಅವಳ ಊರಿನಲ್ಲಿ ಖೋ ಖೋ ಕಲಿಸುವ ಗುರುಗಳಿದ್ದರು, ವರ್ಷಗಟ್ಟಲೆ ದಿನವೂ ಆಡುವ ಮಕ್ಕಳಿದ್ದರು. ಅಲ್ಲಿ ಇದ್ದದ್ದು ಒಂದು ಗರಡಿಮನೆ, ಹೆಸರು ಹಾಗಿರಲಿಲ್ಲ ಅಷ್ಟೆ.

ಗೆದ್ದು ಬಂದ ಮೇಲೆ ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು ಚೈತ್ರಾಳೂ, ಗಂಡಸರ ತಂಡದಲ್ಲಿದ್ದ ಕರ್ನಾಟಕದ ಗೌತಮ್ ಅವರೂ ಬೇಡವೆಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳಲ್ಲಿ ಕೊಟ್ಟು ಕೆಲಸವನ್ನೂ ಕೊಡುವುದಾಗಿ ಹೇಳಿತ್ತು. ಇವರಿಬ್ಬರೂ ಬೇಡವೆಂದದ್ದು ನ್ಯಾಯವಾಗಿತ್ತು ಎಂದೇ ನನ್ನ ಅಭಿಪ್ರಾಯ. ಜರ್ಸಿ ಮಾರುವವರು ನಾಳೆ ಚೈತ್ರಾಳ ಹೆಸರಿನ ಅಂಗಿ ಹೊಲಿಸಿದರೆ ಬನ್ನೂರಿನಲ್ಲಿ ಮೊದಲನೆಯದನ್ನು ಕೊಳ್ಳುವವನು ನಾನು.

ಹೆಣ್ಣುಮಕ್ಕಳ ಮಾತು ಬಂತು, ಕೇಳಿ. ಬದುವಿನ ಮೇಲೆ ಮೂರು ಜನ ಹುಡುಗಿಯರು ದಿನಾ ಬಂದು ನಿಲ್ಲುತ್ತಾರೆ. ಮೇವು ತರಲು ಬಂದವರ ಹಾಗೆ ನಿಲ್ಲುತ್ತಾರೆ, ಕಣ್ಣು ಮಾತ್ರ ಚೆಂಡಿನ ಮೇಲೆ. ಮೊನ್ನೆ ಚೆಂಡು ಅವರ ಕಡೆ ಉರುಳಿದಾಗ ಒಬ್ಬಳು ಕೈಯಲ್ಲಿ ಎತ್ತಿ ಎಸೆಯಲಿಲ್ಲ. ಪಾದದ ಒಳಬದಿಯಿಂದ ತಟ್ಟಿ, ನಿಮ್ಮಲ್ಲಿ ಯಾರ ಪಕ್ಕ ಯಾರೂ ಇರಲಿಲ್ಲವೋ ಅವನ ಕಾಲಿಗೇ ಕಳಿಸಿದಳು. ನೀವು ಗಮನಿಸಲಿಲ್ಲ. ನಾನು ಗಮನಿಸಿದೆ. ಈ ಸಲ ತಪ್ಪಿಸಿಕೊಳ್ಳಲು ನಾನು ಬಿಡುವುದಿಲ್ಲ.

ಜರ್ಮನಿ ಕೂಡ ಒಮ್ಮೆ ಬಿದ್ದಿತ್ತು ಮಕ್ಕಳೇ. 2000ದ ಯೂರೊ ಕಪ್ಪಿನಲ್ಲಿ ಮೂರು ಪಂದ್ಯದಿಂದ ಒಂದೇ ಅಂಕ ಗಳಿಸಿ ಗುಂಪಿನಲ್ಲಿ ಕೊನೆಯದಾಗಿ ಮನೆಗೆ ಹೋಯಿತು. ಅವಮಾನ ತಿಂದವರು ಕೂತು ಯೋಚಿಸಿದರು. ದೊಡ್ಡವರನ್ನು ಬೈದು ಕೂರಲಿಲ್ಲ, ಸಣ್ಣವರ ಕಡೆ ನೋಡಿದರು. 2002ರಿಂದ ದೇಶದಾದ್ಯಂತ ಮುನ್ನೂರೈವತ್ತಕ್ಕೂ ಹೆಚ್ಚು ಕಡೆ ತರಬೇತಿ ಕೇಂದ್ರ ತೆರೆದು, ಹನ್ನೊಂದರಿಂದ ಹದಿನಾಲ್ಕು ವರ್ಷದ ಹಳ್ಳಿ ಮಕ್ಕಳಿಗೂ ಕಾಸಿಲ್ಲದೆ ವಾರಕ್ಕೊಮ್ಮೆ ಹೇಳಿಕೊಡುವ ಏರ್ಪಾಡು ಮಾಡಿದರು. ದೊಡ್ಡ ಕ್ಲಬ್ಬುಗಳೆಲ್ಲ ಮಕ್ಕಳ ತಾಲೀಮುಶಾಲೆ ನಡೆಸಲೇಬೇಕೆಂದು ಕಟ್ಟು ಮಾಡಿದರು. 2014ರಲ್ಲಿ ವಿಶ್ವಕಪ್ ಎತ್ತಿದವರಲ್ಲಿ ಹೆಚ್ಚಿನವರು ಆ ಬಿತ್ತನೆಯ ಬೆಳೆ. ನಾಟಿ ಹಾಕಿದ ತಿಂಗಳಿಗೇ ಕುಡುಗೋಲು ಹಿಡಿದು ಯಾರೂ ಗದ್ದೆಗೆ ಇಳಿಯುವುದಿಲ್ಲ ಎಂಬುದನ್ನು ಬನ್ನೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನಮ್ಮ ಊರು ತಳಿ ಬಲ್ಲ ಊರು. ಬನ್ನೂರು ಕುರಿ ಎಂದರೆ ದೇಶವೇ ತಲೆಯಾಡಿಸುತ್ತದೆ. ಮರಿಯಾಗಿದ್ದಾಗಲೇ ಕಣ್ಣಲ್ಲಿ ಅಳೆದು, ಇದು ಒಳ್ಳೆಯ ಟಗರಾಗುತ್ತದೆ ಎಂದು ಹೇಳಬಲ್ಲ ಹಿರಿಯರು ಇಲ್ಲಿದ್ದಾರೆ. ಮುಲ್ಲರ್ ಮತ್ತು ಅವನ ಹೆಂಡತಿಯೂ ಮ್ಯೂನಿಕ್ ಹತ್ತಿರ ಕುದುರೆ ತಳಿ ಸಾಕುತ್ತಾರೆ, ಸಿಕ್ಕಿದರೆ ಅವರೂ ನಮ್ಮ ಹಿರಿಯರೂ ಭಾಷೆಯಿಲ್ಲದೆಯೂ ಮಾತಾಡಿಕೊಂಡಾರು. ಹಿರಿಯರೇ, ನಿಮ್ಮ ಆ ಕಣ್ಣನ್ನು ಸಂಜೆ ಒಂದು ಗಳಿಗೆ ಈ ಮಕ್ಕಳ ಕಡೆಗೂ ತಿರುಗಿಸಿ. ಈ ಬಯಲಿಗೆ ನೀರು ಬಿಟ್ಟು ನಾಟಿ ಶುರುವಾದರೆ ಇವರಿಗೆ ಕಾಲಿಡಲು ಜಾಗವಿಲ್ಲ. ಇದ್ದ ಒಂದು ಮೈದಾನಕ್ಕೆ ಒಂದು ದಿನ ಶಾಮಿಯಾನ, ಇನ್ನೊಂದು ದಿನ ಜಲ್ಲಿ ರಾಶಿ. ಜಾಗ ಓದುವುದನ್ನು ಇವರು ಕಲಿಯುತ್ತಾರೆ, ಓದಲು ಜಾಗ ಕೊಡುವುದು ನಮ್ಮ ಕೆಲಸ.

ಇನ್ನು ನಿಮಗೆ, ಮಕ್ಕಳೇ. 2026ರ ಜೂನ್‌ನಲ್ಲಿ ವಿಶ್ವಕಪ್ ಬರುತ್ತದೆ. ಆಗ ಎಲ್ಲರ ಬಾಯಲ್ಲೂ ಫುಟ್‌ಬಾಲ್ ಇರುತ್ತದೆ, ಜುಲೈ ಕಳೆದರೆ ಮರೆತುಹೋಗುತ್ತದೆ. ಅಷ್ಟರೊಳಗೆ ನಾವು ಒಂದು ಸಂಘ ಕಟ್ಟಿಕೊಳ್ಳೋಣ. ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟಿದ್ದೇನೆ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ಬೀದಿ. ಓಟದ ಲೆಕ್ಕ, ಎತ್ತರದ ಲೆಕ್ಕ ಬರೆಯುವುದಿಲ್ಲ. ತಿಂಗಳಿಗೆ ಹತ್ತು ರೂಪಾಯಿ, ಇಲ್ಲದವರಿಂದ ಅದೂ ಬೇಡ. ಹಳೆಯ ಶಿಷ್ಯರಿಬ್ಬರು ಎರಡು ಚೆಂಡು ಕೊಡಿಸುವುದಾಗಿ ಒಪ್ಪಿದ್ದಾರೆ. ಗಾಡಿ ಓಡಿಸುವ ಆ ಹುಡುಗನನ್ನೂ ಹೋಗಿ ಕೇಳಿದೆ. ವಾರಕ್ಕೆರಡು ದಿನ ಬಂದು ಗೋಲಿನ ಮುಂದೆ ಎಲ್ಲಿ ನಿಲ್ಲಬೇಕೆಂದು ನಿಮಗೆ ತೋರಿಸಿಕೊಡಪ್ಪಾ ಎಂದೆ. ಅವನು ಸ್ವಲ್ಪ ಹೊತ್ತು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ಆಮೇಲೆ ‘ಬತ್ತೀನಿ ಸಾ’ ಎಂದ.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಬನ್ನಿ. ಬದುವಿನ ಮೇಲೆ ನಿಲ್ಲುವ ಆ ಮೂವರನ್ನೂ ಕರೆದುಕೊಂಡು ಬನ್ನಿ. ಗಾಳಿ ತುಂಬುವ ಪಂಪು ನನ್ನ ಹತ್ತಿರ ಇದೆ.

ಇತಿ ನಿಮ್ಮ,
ಹಳೆಯ ಪೀಟಿ ಮೇಷ್ಟ್ರು